ಕಡಲಿಗೊಂದು ಕೊಪ್ಪೆ

ಕೇಳುಗರೇ, ನಮಸ್ಕಾರ.

ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕುರಿ ಕಾಯುವವರು ಕಂಬಳಿ ಕೊಪ್ಪೆ ಹೊದ್ದು ನಿಂತಿರುವುದನ್ನು ನೋಡಿರುತ್ತೀರಿ. ಕಂಬಳಿ ತೊಯ್ದು ತೊಪ್ಪೆಯಾಗಿರುತ್ತದೆ. ಒಳಗಿನ ಮನುಷ್ಯ ಮಾತ್ರ ಆರಾಮಾಗಿರುತ್ತಾನೆ. ಸಮುದ್ರದೊಳಗೆ ತೊಡುವ ಅಂಥದ್ದೇ ಒಂದು ಕೊಪ್ಪೆ ಇದೆ. ಅದಕ್ಕೆ ವೆಟ್‌ಸೂಟ್ ಅಂತಾರೆ.

ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ, ಘಟ್ಟ ಇಳಿದು, ಅಂಕೋಲಾ ಮೇಲೆ ಮುರುಡೇಶ್ವರಕ್ಕೆ ಹೋದರೆ ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಮೊದಲ ಸಲ ಸ್ಕೂಬಾ ಡೈವಿಂಗ್‌ಗೆ, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವುದಕ್ಕೆ, ಹೋದಾಗ ಸೂಟ್ ಬೇಡ ಅಂದಿದ್ದೆ. ನೀರು 28 ಡಿಗ್ರಿ. ನಮ್ಮ ಏಪ್ರಿಲ್ ಬಿಸಿಲು ಕಂಡವನಿಗೆ ಇದ್ಯಾವ ಥಂಡಿ, ಅಲ್ವಾ? ಚಡ್ಡಿ, ಟೀ ಶರ್ಟ್ ಸಾಕು ಅಂತ ಇಳಿದೆ. ಮೊದಲ ಮುಳುಗು ಸೊಗಸಾಗಿತ್ತು. ಆಮೇಲೆ ಒದ್ದೆ ಮೈಯಲ್ಲಿ ದೋಣಿಯ ಮೇಲೆ ಗಾಳಿಗೆ ಕೂತೆ. ಎರಡನೇ ಸಲ ಇಳಿದು ಇಪ್ಪತ್ತು ನಿಮಿಷ ಆಗಿರಲಿಲ್ಲ, ಉಸಿರಾಡಲು ಬಾಯಲ್ಲಿ ಕಚ್ಚಿಕೊಂಡಿದ್ದ ರೆಗ್ಯುಲೇಟರ್ ಮೇಲೆ ಹಲ್ಲು ಕಟಕಟ ಅನ್ನತೊಡಗಿತು. ಮೇಲೆ ಬಂದು ನೋಡಿದರೆ ಮೊಣಕಾಲ ಕೆಳಗೆ ಕೆಂಪು ಬರೆ. ಯಾವುದೋ ಜೆಲ್ಲಿ ಮೀನಿನ ಎಳೆ ಸವರಿತ್ತು.

ನಮ್ಮ ಮೈ 37 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಬಾವಿಯಲ್ಲಿ ಗಂಟೆಗಟ್ಟಲೆ ಈಜಿದ ಹುಡುಗರ ತುಟಿ ಬೇಸಿಗೆಯಲ್ಲೂ ನೀಲಿಗಟ್ಟುವುದು ಇದಕ್ಕೇ. ಹಾಗಾಗಿ ಸೂಟ್ ಆರಿಸುವಾಗ ಮೊದಲ ಐದು ನಿಮಿಷದ ಹಿತ ನೋಡಬೇಡಿ, ಕೊನೆಯ ಮುಳುಗಿನ ಕೊನೆಯ ಹತ್ತು ನಿಮಿಷ ನೆನೆಸಿಕೊಳ್ಳಿ.

ತೆಳು ಲೈಕ್ರಾ ಸೂಟ್ ಬಿಸಿಲು ತಡೆಯುತ್ತದೆ, ಜೆಲ್ಲಿ ಮೀನಿನಿಂದಲೂ ಕಾಯುತ್ತದೆ. ಬೆಚ್ಚಗಿಡುವುದಿಲ್ಲ. ಒಂದೇ ಸಲ ಅರ್ಧ ಗಂಟೆ ಇಳಿಯುವವರಿಗೆ ಅದು ಸಾಕು. ಅರ್ಧ ತೋಳಿನ ಶಾರ್ಟಿ ತೊಡಲು ಸುಲಭ, ಆದರೆ ಕೈಕಾಲು ಬಯಲಿಗೇ. ನನ್ನ ಮಟ್ಟಿಗೆ 3 ಮಿಲಿಮೀಟರ್ ದಪ್ಪದ, ಮೈತುಂಬ ಇರುವ ಸೂಟೇ ಸರಿ. ಸಣಕಲು ಮೈಯವರಿಗಂತೂ ಅದೇ ಬೇಕು.

ಹಾಗಾದರೆ ಇನ್ನೂ ದಪ್ಪದ್ದು ಯಾಕೆ ಬೇಡ? ಸೂಟಿನ ಬಟ್ಟೆ ನಿಯೋಪ್ರೀನ್ ರಬ್ಬರ್. ಅದರ ತುಂಬ ಸಣ್ಣ ಸಣ್ಣ ಗುಳ್ಳೆ. ಕಂಬಳಿಯ ಎಳೆಗಳ ನಡುವೆ ಸಿಕ್ಕ ಗಾಳಿ ಇದ್ದಂತೆ, ಬೆಚ್ಚಗಿಡುವುದು ಆ ಗುಳ್ಳೆಗಳೇ. ಆದರೆ ಅವು ತೇಲಿಸುತ್ತವೆ ಕೂಡ. ಈಜು ಕಲಿಯುವಾಗ ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಿದ್ದರಲ್ಲ, ಹಾಗೆ. ಸೂಟ್ ದಪ್ಪವಾದಷ್ಟೂ ಮುಳುಗಲು ಸೊಂಟಕ್ಕೆ ಸೀಸದ ತೂಕ ಜಾಸ್ತಿ ಕಟ್ಟಬೇಕು. ಇನ್ನೊಂದು ತಮಾಷೆ ಇದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಗುಳ್ಳೆಗಳು ಕುಗ್ಗುತ್ತವೆ. ತೇಲಿಸುವ ಗುಣವೂ ಇಳಿಯುತ್ತದೆ, ಬೆಚ್ಚಗಿಡುವ ಗುಣವೂ ಇಳಿಯುತ್ತದೆ.

ದಪ್ಪಕ್ಕಿಂತ ಅಳತೆ ಮುಖ್ಯ. ಸೂಟಿನೊಳಗೆ ಸ್ವಲ್ಪ ನೀರು ನುಗ್ಗುತ್ತದೆ, ನುಗ್ಗಲಿ. ಮೈಯ ಕಾವಿಗೆ ಬೆಚ್ಚಗಾಗಿ ಅದು ಒಳಗೇ ನಿಲ್ಲಬೇಕು. ಸೊಂಟದ ಹಿಂದೆ ಸಡಿಲ ಇದ್ದರೆ ಪ್ರತಿ ಸಲ ಬಗ್ಗಿದಾಗಲೂ ತಣ್ಣೀರು ಒಳಗೆ ಬಂದು ಬೆಚ್ಚನೆ ನೀರು ಹೊರಗೆ ಹೋಗುತ್ತದೆ. ಬಾಡಿಗೆ ಸೂಟ್ ತೊಟ್ಟಾಗ ಕೈ ಮೇಲೆತ್ತಿ, ಕುಕ್ಕರಗಾಲಲ್ಲಿ ಕೂತು, ಉಸಿರು ಜೋರಾಗಿ ಎಳೆದು ನೋಡಿ. ಕುತ್ತಿಗೆ ಬಿಗಿದರೆ ಸುಮ್ನೆ ಸಹಿಸಬೇಡಿ, ಬೇರೆ ಕೇಳಿ. ಕುತ್ತಿಗೆಯ ರಕ್ತನಾಳ ಒತ್ತಿದರೆ ತಲೆ ಸುತ್ತಬಹುದು. ಕಾಲು ತೂರದಿದ್ದರೆ ಪಾದಕ್ಕೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿ ತೂರಿಸಿ, ಸರ್ರನೆ ಇಳಿಯುತ್ತದೆ. ಎರಡು ಮುಳುಗುಗಳ ನಡುವೆ ಸೂಟನ್ನು ಸೊಂಟದವರೆಗೆ ಬಿಚ್ಚಿ, ಮೈ ಒರೆಸಿ, ಒಣ ಟವೆಲ್ ಹೊದ್ದುಕೊಳ್ಳಿ.

ಬಹುಪಾಲು ಸೂಟ್‌ಗಳಲ್ಲಿ ಜಿಪ್ ಬೆನ್ನಿಗೆ ಬರುತ್ತದೆ. ಮುಂದಿನ ವರ್ಷ ಮತ್ತೆ ಹೋದಾಗ ನಾನು ಅದನ್ನು ಎದೆಗೆ ಬರುವಂತೆ ತೊಟ್ಟು, ಬೆವರು ಸುರಿಸುತ್ತ ಜಿಪ್ ಎಳೆದು, ಹೆಮ್ಮೆಯಿಂದ ದೋಣಿಯ ಹತ್ತಿರ ಬಂದಿದ್ದೆ. ಬಿಚ್ಚಿ ತಿರುಗಿಸಿ ತೊಡುವಷ್ಟರಲ್ಲಿ ಉಳಿದವರೆಲ್ಲ ದೋಣಿ ಹತ್ತಿ ಕೂತು ನನ್ನನ್ನೇ ನೋಡುತ್ತಿದ್ದರು.

ನಮಸ್ಕಾರ.