ತಕ್ಕಡಿ ಇಲ್ಲದ ತೂಕ

ಎಲ್ಲರಿಗೂ ನಮಸ್ಕಾರ.

ಒಂದು ಕೂಡುವ ಲೆಕ್ಕದಿಂದ ಶುರು ಮಾಡೋಣ. ಹೀಲಿಯಂ ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ ಒಳಗೆ ಇರುವುದು ಎರಡು ಪ್ರೋಟಾನ್, ಎರಡು ನ್ಯೂಟ್ರಾನ್. ನಾಲ್ಕನ್ನೂ ಬಿಡಿಬಿಡಿಯಾಗಿ ತೂಗಿ ಕೂಡಿಸಿ. ಆಮೇಲೆ ಇಡೀ ನ್ಯೂಕ್ಲಿಯಸ್ ತೂಗಿ. ಎರಡೂ ಒಂದೇ ಬರಬೇಕು ಅಲ್ವಾ? ಬರುವುದಿಲ್ಲ. ಇಡೀ ನ್ಯೂಕ್ಲಿಯಸ್ ಶೇಕಡಾ 0.75ರಷ್ಟು ಹಗುರ. ಕೂಡಿ ಬಾಳಿದರೆ ಸ್ವರ್ಗ ಸುಖ ಅನ್ನುತ್ತೇವೆ. ಇಲ್ಲಿ ಕೂಡಿ ಬಾಳಿದರೆ ತೂಕವೇ ಇಳಿಯುತ್ತದೆ!

ಕಾಣೆಯಾದ ತೂಕ ಶಕ್ತಿಯಾಗಿ ಹೊರಗೆ ಹೋಗಿದೆ. ಈ ನಾಲ್ಕನ್ನು ಮತ್ತೆ ಬಿಡಿಸಬೇಕಾದರೆ ಅಷ್ಟೇ ಶಕ್ತಿ ವಾಪಸ್ ಕೊಡಬೇಕು. ಅದೇ ಬಂಧನ ಶಕ್ತಿ. ಅಂದರೆ ನ್ಯೂಕ್ಲಿಯಸ್ ಎಷ್ಟು ಗಟ್ಟಿ ಎಂದು ತಿಳಿಯಲು ಅದನ್ನು ಒಡೆಯಬೇಕಾಗಿಲ್ಲ, ತೂಗಿದರೆ ಸಾಕು. ಕೇಂಬ್ರಿಡ್ಜ್‌ನ ಫ್ರಾನ್ಸಿಸ್ ಆಸ್ಟನ್ ಪರಮಾಣುಗಳನ್ನು ಹೀಗೆ ನಿಖರವಾಗಿ ತೂಗಿದರು. ಸೂರ್ಯ ಉರಿಯುವುದು ಹೈಡ್ರೋಜನ್ ಹೀಲಿಯಂ ಆಗುವುದರಿಂದಲೇ ಇರಬೇಕು ಎಂದು ಖಗೋಳ ವಿಜ್ಞಾನಿ ಎಡಿಂಗ್ಟನ್ 1920ರಲ್ಲಿ ಊಹಿಸಿದ್ದು ಆ ಅಂಕಿಗಳನ್ನು ನೋಡಿಯೇ.

ಆಸ್ಟನ್ ತೂಗಿದ್ದು ಗಟ್ಟಿಮುಟ್ಟಾದ ಪರಮಾಣುಗಳನ್ನು. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ನಾವು ಇವತ್ತು ಮಾತಾಡುತ್ತಿರುವುದು ಓಡಿಹೋಗುವಂಥವುಗಳ ಬಗ್ಗೆ: ನ್ಯೂಟ್ರಾನ್ ತೀರಾ ಜಾಸ್ತಿ ಅಥವಾ ತೀರಾ ಕಡಿಮೆ ಇರುವ ನ್ಯೂಕ್ಲಿಯಸ್‌ಗಳು. ಲಿಥಿಯಂ-11 ತೆಗೆದುಕೊಳ್ಳಿ (11 ಅಂದರೆ ಪ್ರೋಟಾನ್, ನ್ಯೂಟ್ರಾನ್ ಎರಡೂ ಸೇರಿದ ಲೆಕ್ಕ, ಅದೇ ದ್ರವ್ಯರಾಶಿ ಸಂಖ್ಯೆ). ಅದರ ಅರ್ಧಾಯುಷ್ಯ, ಅಂದರೆ ಇರುವುದರಲ್ಲಿ ಅರ್ಧ ಖಾಲಿಯಾಗಲು ಹಿಡಿಯುವ ಸಮಯ, 9 ಮಿಲಿಸೆಕೆಂಡ್ ಕೂಡ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲವೂ ಖಾಲಿ. ಅಷ್ಟರೊಳಗೆ ಅದನ್ನು ತಯಾರಿಸಿ, ಹಿಡಿದು, ತೂಗಬೇಕು.

ಹೇಗೆ? ಇಲ್ಲಿ ತಕ್ಕಡಿ ಇಲ್ಲ, ಇರುವುದು ಬಲೆ. ಪೆನ್ನಿಂಗ್ ಟ್ರ್ಯಾಪ್ ಅಂತ ಅದರ ಹೆಸರು. ಇದನ್ನು ರೂಪಿಸಿದ ಹಾನ್ಸ್ ಡೆಮೆಲ್ಟ್ 1989ರ ನೊಬೆಲ್ ಹಂಚಿಕೊಂಡರು. ಬಲವಾದ ಅಯಸ್ಕಾಂತದ ನಡುವೆ ಒಂದು ಅಯಾನನ್ನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವನ್ನು, ಬಿಟ್ಟರೆ ಅದು ಗಿರಗಿರನೆ ಸುತ್ತುತ್ತದೆ. ಮೇಲೆ ಕೆಳಗೆ ಜಾರಿಹೋಗದಂತೆ ವಿದ್ಯುತ್ ಕ್ಷೇತ್ರ ತಡೆಯುತ್ತದೆ. ಭಾರದ ಅಯಾನು ನಿಧಾನ, ಹಗುರದ್ದು ಬೇಗ. ಕಾಂತಕ್ಷೇತ್ರ 6 ಟೆಸ್ಲಾ ಇದ್ದು, ಅಯಾನಿನ ದ್ರವ್ಯರಾಶಿ ಸಂಖ್ಯೆ 100 ಇದ್ದು, ಒಂದೇ ಒಂದು ಎಲೆಕ್ಟ್ರಾನ್ ಕಳೆದುಕೊಂಡಿದ್ದರೆ, ಅದು ಸೆಕೆಂಡಿಗೆ ಸುಮಾರು 9 ಲಕ್ಷ 20 ಸಾವಿರ ಸುತ್ತು ಹಾಕುತ್ತದೆ. ತೂಗುವ ಕೆಲಸ ಹೀಗೆ ಸುತ್ತು ಎಣಿಸುವ ಕೆಲಸವಾಯಿತು. ಎಣಿಸುವುದರಲ್ಲಿ ನಾವು ಜಾಣರು. ಯಾವ ಅಳತೆಗಿಂತಲೂ ಆವರ್ತನದ ಅಳತೆ ನಮಗೆ ಚೆನ್ನಾಗಿ ಬರುತ್ತದೆ.

ಆದರೆ ಸುತ್ತುವುದು ಕಣ್ಣಿಗೆ ಕಾಣುವುದಿಲ್ಲವಲ್ಲ! ಅದಕ್ಕೊಂದು ಉಪಾಯ ಇದೆ. ಒಂದು ರೇಡಿಯೋ ಆವರ್ತನ ಕೊಟ್ಟು ಅಯಾನನ್ನು ತಳ್ಳುತ್ತಾರೆ. ಅದು ಅಯಾನಿನ ಆವರ್ತನಕ್ಕೆ ಸರಿಹೊಂದಿದರೆ ಅಯಾನು ಶಕ್ತಿ ಹೀರಿಕೊಳ್ಳುತ್ತದೆ. ಆಮೇಲೆ ಬಲೆ ತೆರೆದರೆ ಉಳಿದವಕ್ಕಿಂತ ಮೊದಲೇ ಡಿಟೆಕ್ಟರ್ ಮುಟ್ಟುತ್ತದೆ. ಒಂದೊಂದೇ ಆವರ್ತನ ಕೊಟ್ಟು ನೋಡುತ್ತಾ ಹೋಗಬೇಕು. ತಾಳ್ಮೆಯ ಕೆಲಸ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇನ್ನೊಂದು. ಅಯಸ್ಕಾಂತ ಎಷ್ಟು ಬಲವಾಗಿದೆ ಎಂದು ಅಷ್ಟು ನಿಖರವಾಗಿ ನೇರವಾಗಿ ಅಳೆಯುವುದು ಕಷ್ಟ. ಅದಕ್ಕೆ ತೂಕ ಮೊದಲೇ ಗೊತ್ತಿರುವ ಇನ್ನೊಂದು ಅಯಾನನ್ನು ಅದೇ ಬಲೆಯಲ್ಲಿ ಸುತ್ತಿಸುತ್ತಾರೆ. ಎರಡರ ಅನುಪಾತ ತೆಗೆದರೆ ಕಾಂತಕ್ಷೇತ್ರ ಲೆಕ್ಕದಿಂದಲೇ ಹೊರಟುಹೋಗುತ್ತದೆ. ಇಂಗಾಲದ ಗೊಂಚಲುಗಳು ಇದಕ್ಕೆ ಒಳ್ಳೆಯ ತೂಕದ ಬಟ್ಟುಗಳು. ಯಾಕೆಂದರೆ ಇಂಗಾಲ-12ರ ಪರಮಾಣುವಿನ ದ್ರವ್ಯರಾಶಿ ಸರಿಯಾಗಿ 12 ಎಂದು ನಾವೇ ನಿಗದಿ ಮಾಡಿದ್ದೇವೆ!

ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ನಿಖರತೆ ಈ ಬಲೆಗಳಲ್ಲಿ ಸಿಗುತ್ತದೆ. ಅಷ್ಟೆಲ್ಲಾ ಯಾಕೆ ಬೇಕು? ಮತ್ತೆ ಲಿಥಿಯಂ-11ಕ್ಕೆ ಬರೋಣ. ಸಾಮಾನ್ಯ ನ್ಯೂಕ್ಲಿಯಸ್‌ನಿಂದ ಒಂದು ನ್ಯೂಟ್ರಾನ್ ಕೀಳಲು ಸುಮಾರು 80 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಇದು ಶಕ್ತಿಯ ಒಂದು ಚಿಕ್ಕ ಅಳತೆ) ಬೇಕು. ಇದರ ಕೊನೆಯ ಎರಡು ನ್ಯೂಟ್ರಾನ್‌ಗಳನ್ನು ಒಟ್ಟಿಗೆ ಬಿಡಿಸಲು 3 ಲಕ್ಷ 70 ಸಾವಿರ ಸಾಕು. ಸುಮ್ನೆ ಅಂಟಿಕೊಂಡ ಹಾಗೆ. ಹಾಗಾಗಿ ಅವೆರಡೂ ತಿರುಳಿನಿಂದ ದೂರದವರೆಗೆ ಹರಡಿಕೊಂಡಿರುತ್ತವೆ. ಇಷ್ಟು ಸಡಿಲವಾದ ಕಟ್ಟನ್ನು ಒರಟು ತೂಕದಲ್ಲಿ ಹಿಡಿಯಲು ಆಗುವುದಿಲ್ಲ. ಕೆನಡಾದ ಟ್ರಯಂಫ್ ಪ್ರಯೋಗಾಲಯದ ಟೈಟನ್ ತಂಡ 2008ರಲ್ಲಿ ಇದನ್ನು ಬಲೆಯಲ್ಲೇ ತೂಗಿತು.

ಇನ್ನು ಕೆಲವು ನ್ಯೂಕ್ಲಿಯಸ್‌ಗಳು ಸಿಗುವುದೇ ಬೆರಳೆಣಿಕೆಯಷ್ಟು. ಅವುಗಳ ಜೊತೆ ಬೇಡದ ಕಸ ಬೇರೆ. ಅಂಥವಕ್ಕೆ ಎದುರುಬದುರಾಗಿ ಇಟ್ಟ ಎರಡು ವಿದ್ಯುತ್ ಕನ್ನಡಿಗಳ ಉಪಕರಣ ಇದೆ. ಅಯಾನುಗಳು ನಡುವೆ ಸಾವಿರಾರು ಸಲ ಹೋಗಿ ಬಂದು ಮಾಡುತ್ತವೆ. ಒಂದು ಮೇಜಿನಷ್ಟು ಜಾಗದಲ್ಲೇ ಕಿಲೋಮೀಟರುಗಟ್ಟಲೆ ಓಟ. ಹಗುರದವು ಮುಂದೆ, ಭಾರದವು ಹಿಂದೆ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿರುವ ಐಸೋಲ್‌ಟ್ರ್ಯಾಪ್ ತಂಡ 2013ರಲ್ಲಿ ಹೀಗೆ ಕ್ಯಾಲ್ಸಿಯಂ-53 ಮತ್ತು 54ನ್ನು ತೂಗಿತು. ಕ್ಯಾಲ್ಸಿಯಂ-52ರಲ್ಲಿ ಇರುವುದು 32 ನ್ಯೂಟ್ರಾನ್. ಅದನ್ನು ದಾಟಿದ ತಕ್ಷಣ ಹಿಡಿತ ಥಟ್ಟನೆ ಸಡಿಲವಾಗುತ್ತದೆ ಎಂದು ಗೊತ್ತಾಯಿತು. ಇಷ್ಟು ಪ್ರೋಟಾನ್ ಅಥವಾ ನ್ಯೂಟ್ರಾನ್ ಇದ್ದರೆ ನ್ಯೂಕ್ಲಿಯಸ್ ವಿಶೇಷವಾಗಿ ಗಟ್ಟಿ ಎನ್ನುವ ಸಂಖ್ಯೆಗಳಿಗೆ ಮ್ಯಾಜಿಕ್ ಸಂಖ್ಯೆ ಅನ್ನುತ್ತಾರೆ. ಅವುಗಳ ಮಾಮೂಲಿ ಪಟ್ಟಿಯಲ್ಲಿ 20, 28, 50 ಇವೆ, 32 ಇಲ್ಲ. ನ್ಯೂಟ್ರಾನ್ ಜಾಸ್ತಿ ಇರುವ ಕಡೆ ಪಟ್ಟಿಯೇ ಬದಲಾಗುತ್ತದೆ.

ಅದೇ ತಂಡ ಜಿಂಕ್-82ನ್ನೂ ತೂಗಿತ್ತು. ಭೂಮಿಯ ಮೇಲೆ ಅದಕ್ಕೆ ಅರ್ಧ ಸೆಕೆಂಡಿನ ಬಾಳೂ ಇಲ್ಲ. ಆದರೆ ನ್ಯೂಟ್ರಾನ್ ನಕ್ಷತ್ರದ (ಸತ್ತ ದೊಡ್ಡ ನಕ್ಷತ್ರದ ವಿಪರೀತ ದಟ್ಟವಾದ ಉಳಿಕೆ) ಹೊರ ಪದರದ ವಿಪರೀತ ಒತ್ತಡದಲ್ಲಿ ಇಂಥವು ನೆಮ್ಮದಿಯಾಗಿ ಇರಬಲ್ಲವು. ಅಲ್ಲಿ ಒಂದು ಆಳದಲ್ಲಿ ಜಿಂಕ್-82ರ ಪದರ ಇರುತ್ತದೆ ಎಂದು ಒಂದು ಸಿದ್ಧಾಂತದ ಲೆಕ್ಕ ಹೇಳುತ್ತಿತ್ತು. ತೂಗಿದ ಮೇಲೆ ನೋಡಿದರೆ ಅದರ ಕಟ್ಟು ಆ ಲೆಕ್ಕ ಹೇಳಿದಷ್ಟು ಬಿಗಿ ಇರಲಿಲ್ಲ. ನಕ್ಷತ್ರದ ನಕ್ಷೆಯಿಂದ ಜಿಂಕ್-82ರ ಪದರವನ್ನು ತೆಗೆದುಹಾಕಬೇಕಾಯಿತು.