ನಮ್ಮ ಪಿಕಪ್‌ಗೆ ಸ್ಪಾಯ್ಲರ್, ಎರಡನೇ ಸಲ

ಈ ಜಾಗ ನೋಡಿ. ತುಮಕೂರು ರಸ್ತೆ, ನೆಲಮಂಗಲಕ್ಕೆ ಇನ್ನೂ ಸ್ವಲ್ಪ ದೂರ. ಹೋದ ತಿಂಗಳು ಇಲ್ಲೇ ನಮ್ಮ ಗಾಡಿಯ ಸ್ಪಾಯ್ಲರ್, ಅಂದರೆ ಹಿಂಬಾಗಿಲ ಮೇಲಂಚಿಗೆ ಅಂಟಿಸಿದ್ದ ಪಟ್ಟಿ, ಕಿತ್ತು ಹೋಯಿತು. ಹಿಂದೆ ಪಟ್ ಅಂತ ಒಂದು ಸದ್ದು. ಕನ್ನಡಿಯಲ್ಲಿ ನೋಡಿದರೆ ಬಿಳಿ ಪಟ್ಟಿಯೊಂದು ರಸ್ತೆಯ ಮೇಲೆ ಪಲ್ಟಿ ಹೊಡೆಯುತ್ತಿತ್ತು. ಅದರ ಹಿಂದೆಯೇ ಒಂದು ಬೈಕು. ಗಂಡ, ಹೆಂಡತಿ, ಮಧ್ಯದಲ್ಲಿ ಮಗು. ಅವರು ಹೇಗೋ ಎಡಕ್ಕೆ ತಿರುಗಿಸಿ ತಪ್ಪಿಸಿಕೊಂಡರು. ಯಾರಿಗೂ ಏನೂ ಆಗಲಿಲ್ಲ. ನಾನು ಗಾಡಿ ಸೈಡಿಗೆ ಹಾಕಿ ಇಳಿದಾಗ ಕಾಲು ನಡುಗುತ್ತಿತ್ತು. ಅವರು ನನ್ನ ಹತ್ತಿರ ಬಂದು, "ಗಟ್ಟಿಯಾಗಿ ಹಾಕಿಸಿ ಸ್ವಾಮಿ, ಮಗು ಕೂತಿತ್ತು" ಅಂದರು, ಅಷ್ಟೇ. ಬೈದಿದ್ದರೆ ಮನಸ್ಸಿಗೆ ಇಷ್ಟು ಭಾರ ಆಗುತ್ತಿರಲಿಲ್ಲ.

ಇವತ್ತಿನ ವಿಡಿಯೋ ಅದನ್ನು ಮತ್ತೆ ಹಾಕಿದ್ದರ ಬಗ್ಗೆ.

ಗಾಡಿ ನಿಮಗೆ ಗೊತ್ತೇ ಇದೆ. ಇಸುಜು ವಿ-ಕ್ರಾಸ್. 2016ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತು, ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುತ್ತದೆ. ಹತ್ತಿರ ಹತ್ತಿರ 5.3 ಮೀಟರ್ ಉದ್ದ. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ತಿರುಗಿಸೋದು ಕಷ್ಟ, ಆದರೂ ನನಗೆ ಇದರ ಮೇಲೆ ಬಹಳ ಪ್ರೀತಿ. ಹಿಂದಿನಿಂದ ನೋಡಿದಾಗ ಟೈಲ್‌ಗೇಟ್, ಅಂದರೆ ಕೆಳಕ್ಕೆ ಇಳಿಸುವ ಹಿಂಬಾಗಿಲು, ಒಂದು ಬೋಳು ಹಲಗೆಯ ಹಾಗೆ ಕಾಣುತ್ತಿತ್ತು. ಅದರ ಮೇಲಂಚಿಗೆ ಒಂದು ಸಣ್ಣ ತುಟಿ ಇದ್ದರೆ ಚೆಂದ ಅನ್ನಿಸಿತು. ಹಾಗಾಗಿ ಹಾಕಿಸಿದೆ.

"ಮೈಲೇಜ್ ಜಾಸ್ತಿ ಆಗುತ್ತಾ?" ಅಂತ ತುಂಬಾ ಜನ ಕೇಳಿದ್ದೀರಿ. ಇದಕ್ಕೆ ಮೊದಲು ಈ ಹೊಂಗೆ ಹೂ ನೋಡಿ. ಯುಗಾದಿ ಸುಮಾರಿಗೆ ನಮ್ಮ ಬೀದಿಯ ಹೊಂಗೆ ಮರ ಹೂ ಉದುರಿಸಿ ಗಾಡಿಯ ಬೆಡ್ಡನ್ನೆಲ್ಲ, ಅಂದರೆ ಹಿಂದೆ ಸಾಮಾನು ಹಾಕುವ ತೆರೆದ ಜಾಗವನ್ನೆಲ್ಲ, ತುಂಬಿಸಿಬಿಡುತ್ತದೆ. ನೈಸ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರೆ ಹೂವೆಲ್ಲ ಹಿಂದಕ್ಕೆ ಹಾರಿ ಟೈಲ್‌ಗೇಟ್ ಹತ್ತಿರ ಸೇರಿರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಅರ್ಧಕ್ಕರ್ಧ ಮುಂದೆ, ಕ್ಯಾಬಿನ್ ಬೆನ್ನಿಗೆ ಒತ್ತಿಕೊಂಡು ರಾಶಿಯಾಗಿತ್ತು. ಕ್ಯಾಬಿನ್ ಮೇಲಿಂದ ಹಾರಿದ ಗಾಳಿ ಟೈಲ್‌ಗೇಟ್ ಹತ್ತಿರ ಕೆಳಗೆ ಇಳಿಯುತ್ತದೆ. ಅಲ್ಲಿಂದ ಬೆಡ್ಡಿನ ತಳ ಹಿಡಿದು ಮುಂದಕ್ಕೆ ಬರುತ್ತದೆ, ಒಳಗೇ ಸುಳಿಯಾಗಿ ತಿರುಗುತ್ತದೆ. ಆ ಸುಳಿ ಇರೋದರಿಂದಲೇ ಮೇಲಿನ ಗಾಳಿ ಜಾರಿಕೊಂಡು ಹೋಗುತ್ತದೆ. ಮೈಲೇಜ್ ಸಿಗುತ್ತೆ ಅಂತ ಟೈಲ್‌ಗೇಟ್ ಇಳಿಸಿಕೊಂಡು ಓಡಿಸುವವರಿದ್ದಾರೆ. ದಯವಿಟ್ಟು ಬೇಡ, ಮುಚ್ಚಿದ್ದರೇ ಒಳ್ಳೆಯದು.

ಸ್ಪಾಯ್ಲರ್ ಟೈಲ್‌ಗೇಟ್ ತುದಿಯಲ್ಲಿ ಆ ಗಾಳಿಯನ್ನು ಸ್ವಲ್ಪ ನೀಟಾಗಿ ಬಿಡಿಸಬೇಕು. ಕಂಪನಿಯವರು ವಿಂಡ್ ಟನಲ್‌ನಲ್ಲಿ, ಅಂದರೆ ಜೋರಾಗಿ ಗಾಳಿ ಬೀಸಿ ಪರೀಕ್ಷಿಸುವ ಕೋಣೆಯಲ್ಲಿಟ್ಟು ಆಕಾರ ತಿದ್ದಿದರೆ ಅಲ್ಪ ಲಾಭ ಇರುತ್ತದೆ. ಅಂಗಡಿಯಲ್ಲಿ ಸಿಗುವ ಪೀಸಿನಿಂದ ಅದನ್ನು ನಿರೀಕ್ಷಿಸಬೇಡಿ. ನಾನು ಎರಡು ಸಲ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ, ವ್ಯತ್ಯಾಸವೇ ಕಾಣಲಿಲ್ಲ. ಮೈಲೇಜೇ ಬೇಕಿದ್ದರೆ ಬೆಡ್ಡಿಗೆ ಮುಚ್ಚಳ ಹಾಕಿಸಿ.

ಈಗ ಕಿತ್ತು ಬಂದ ಪೀಸು. ಹತ್ತಿರದಿಂದ ತೋರಿಸುತ್ತೇನೆ. ಡಬಲ್ ಸೈಡ್ ಟೇಪ್ ಪೂರ್ತಿ ಸ್ಪಾಯ್ಲರ್‌ಗೇ ಅಂಟಿಕೊಂಡಿದೆ. ಟೈಲ್‌ಗೇಟ್ ಮೇಲೆ ಒಂದು ಚೂರೂ ಉಳಿದಿಲ್ಲ. ಟೇಪಿನ ಮೇಲೆ ಈ ಬಿಳಿ ಪುಡಿ ಕಾಣಿಸುತ್ತಿದೆಯಾ? ಇದು ಪಾಲಿಶ್. ಅಂದರೆ ಟೇಪು ಪೇಂಟಿಗೆ ಹಿಡಿದೇ ಇರಲಿಲ್ಲ, ಪಾಲಿಶ್ ಮೇಲೆ ಸುಮ್ನೆ ಕೂತಿತ್ತು. ಹೋದ ಸಲ ಹಾಕಿದವರು ಹತ್ತು ನಿಮಿಷದಲ್ಲಿ ಅಂಟಿಸಿ ಕೊಟ್ಟರು, ನಾನೂ ಅದೇ ಸಂಜೆ ಹೈವೇಗೆ ಇಳಿದೆ. ವೇಗ 40ರಿಂದ 80ಕ್ಕೆ ಏರಿದರೆ ಗಾಳಿಯ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಊರೊಳಗೆ ತಡೆದುಕೊಂಡಿದ್ದು ಹೈವೇಯಲ್ಲಿ ತಡೆಯಲಿಲ್ಲ.

ಈ ಸಲ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಕೊನೆಗೆ ಒಂದು ಎಬಿಎಸ್ ಪ್ಲಾಸ್ಟಿಕ್ ಪೀಸು ಸಿಕ್ಕಿತು. ಎರಡು ತುದಿಯಲ್ಲೂ ಬೋಲ್ಟ್ ಕೂರಲು ಒಳಗೇ ನಟ್ ಇದೆ. ಟೈಲ್‌ಗೇಟ್‌ಗಿಂತ ಅಗಲ ಇಲ್ಲ, ಎಲ್ಲೂ ಆಚೆ ಚಾಚಿಲ್ಲ. ಇದನ್ನೂ ನೋಡಿಕೊಳ್ಳಬೇಕು. ಕಂಪನಿ ಕೊಟ್ಟ ಗಾಡಿಯನ್ನು ಕಾನೂನು ಒಪ್ಪದ ರೀತಿಯಲ್ಲಿ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ದೊಡ್ಡ ರೆಕ್ಕೆ ಹಾಕಿಸುವ ಆಸೆ ಇದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿ. ಬ್ರೇಕ್ ಲೈಟ್, ನಂಬರ್ ಪ್ಲೇಟ್, ಹಿಂದಿನ ಕ್ಯಾಮೆರಾ, ಯಾವುದೂ ಮರೆಯಾಗಬಾರದು.

ಇವರು ಕಾಮಾಕ್ಷಿಪಾಳ್ಯದ ಪೇಂಟರ್ ಅಣ್ಣ. ಮುಖ ತೋರಿಸಬೇಡಿ ಅಂದಿದ್ದಾರೆ, ಅದಕ್ಕೇ ಬರೀ ಕೈ. ಈ ಕೈ ನೋಡ್ತಾನೇ ಇರಬಹುದು. ವಾಟರ್ ಪೇಪರ್ ಉಜ್ಜುವಾಗ ಕಣ್ಣು ಬೇರೆ ಕಡೆ ಇರುತ್ತದೆ, ಬೆರಳಲ್ಲೇ ಉಬ್ಬು ತಗ್ಗು ಹುಡುಕುತ್ತಾರೆ. ಆಮೇಲೆ ಪ್ಲಾಸ್ಟಿಕ್ ಪ್ರೈಮರ್, ಬಿಳಿ ಬಣ್ಣ, ಕ್ಲಿಯರ್ ಕೋಟ್. ನಾನು ಆತುರ ಮಾಡಿದೆ. "ಅಂಟಿಸೋದು ಎಷ್ಟೊತ್ತಿನ ಕೆಲಸ ಸರ್? ಒರೆಸೋದೇ ಕೆಲಸ" ಅಂದರು. ಬಣ್ಣ ಪೂರ್ತಿ ಒಣಗುವವರೆಗೆ ನಾಲ್ಕು ದಿನ ಪೀಸನ್ನು ಮುಟ್ಟಲೂ ಬಿಡಲಿಲ್ಲ.

ಟೈಲ್‌ಗೇಟ್‌ಗೆ ಡ್ರಿಲ್ ಹಾಕುವಾಗ ಹೊಟ್ಟೆ ಹಿಂಡಿದ ಹಾಗಾಯಿತು. ಆದರೆ ಟೇಪು ಬಿಟ್ಟರೂ ಬೋಲ್ಟ್ ಹಿಡಿಯಬೇಕು, ಇದರಲ್ಲಿ ರಾಜಿ ಇಲ್ಲ. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ ರಬ್ಬರ್ ವಾಷರ್ ಕೊಟ್ಟರು. ಬರಿ ತಗಡು ಬಿಟ್ಟರೆ ಒಂದು ಮಳೆಗಾಲ ಸಾಕು, ತುಕ್ಕು ಶುರುವಾಗುತ್ತದೆ.

ಒರೆಸೋದು ಹೀಗೆ. ಮೊದಲು ಶಾಂಪೂ ನೀರು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಸಮ ಸಮ ನೀರು ಬೆರೆಸಿ, ಹೊಸ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ. ಬಟ್ಟೆ ಬೆಳ್ಳಗೆ ಬರುವವರೆಗೆ. ನಾಲ್ಕನೇ ಬಟ್ಟೆ ಬೆಳ್ಳಗೆ ಬಂತು.

ಟೇಪು ತ್ರೀಎಂ ಕಂಪನಿಯ ವಿಎಚ್‌ಬಿ, ಬಲವಾಗಿ ಹಿಡಿಯುವ ಡಬಲ್ ಸೈಡ್ ಟೇಪು. ಅದರ ಕೆಂಪು ಹಾಳೆಯನ್ನು ಎರಡು ತುದಿಯಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಬಿಡಿಸಿ, ಹೊರಕ್ಕೆ ಮಡಚಿದರು. ಸ್ಪಾಯ್ಲರ್ ಇಟ್ಟು, ಎರಡೂ ಕಡೆ ಅಳತೆ ನೋಡಿ, ಬೋಲ್ಟ್ ಕೂರಿಸಿದ ಮೇಲೆ ಹಾಳೆಯ ಬಾಲ ಹಿಡಿದು ಮೆಲ್ಲಗೆ ಎಳೆದರು. ಇಲ್ಲಿ ಸದ್ದು ಕೇಳಿ, ಸರ್ರ್ ಅಂತ ಒಂದೇ ಎಳೆತ. ಆಮೇಲೆ ಹೆಬ್ಬೆರಳಲ್ಲಿ ಒತ್ತುತ್ತಾ ಈ ತುದಿಯಿಂದ ಆ ತುದಿಗೆ. ಕೊನೆಗೆ ಅಂಚಿನುದ್ದಕ್ಕೂ ಉಗುರು ಓಡಿಸಿದರು. "ಉಗುರು ಒಳಗೆ ಹೋಗ್ಬಾರ್ದು. ಹೋದ್ರೆ ನೀರೂ ಹೋಗುತ್ತೆ."

ಈ ಟೇಪು 20 ನಿಮಿಷದಲ್ಲಿ ಅರ್ಧ ಶಕ್ತಿ ಹಿಡಿಯುತ್ತದೆ, 24 ಗಂಟೆಗೆ ಶೇಕಡ 90, ಪೂರ್ತಿ ಹಿಡಿಯಲು 72 ಗಂಟೆ ಬೇಕು. ಮೂರು ದಿನ ಗಾಡಿ ಮನೆ ಮುಂದೆಯೇ ನಿಂತಿತ್ತು. ತೊಳೆಯಲೂ ಇಲ್ಲ. ಒಂದು ಬದಲಾವಣೆ ಮಾತ್ರ ಒಪ್ಪಿಕೊಳ್ಳಬೇಕಾಯಿತು. ಮೊದಲು ಬೈಕ್ ಏರಿಸುವಾಗ ಟೈಲ್‌ಗೇಟ್ ಇಳಿಸಿ ಅದರ ತುದಿಗೇ ಹಲಗೆ ಒರಗಿಸುತ್ತಿದ್ದೆ. ಇನ್ನು ಅದು ಆಗದು, ತೆಂಗಿನಕಾಯಿ ಮೂಟೆಯನ್ನೂ ಎತ್ತಿ ಇಡಬೇಕು, ಎಳೆಯುವಂತಿಲ್ಲ.

ನಾಲ್ಕನೇ ದಿನ, ಮತ್ತೆ ತುಮಕೂರು ರಸ್ತೆ. ದಾಬಸ್‌ಪೇಟೆವರೆಗೂ ಹೋದೆ. ದಾರಿಯಲ್ಲಿ ಜೋರು ಮಳೆ. ಅಲ್ಲಿ ನಿಲ್ಲಿಸಿ, ಟೈಲ್‌ಗೇಟ್ ಒರೆಸಿ, ಅಂಚಿನ ಈ ತುದಿಯಿಂದ ಆ ತುದಿಗೆ ಉಗುರು ಓಡಿಸಿದೆ. ಎಲ್ಲೂ ಒಳಗೆ ಹೋಗಲಿಲ್ಲ.