ಕತ್ತರಿಸಿದ ಪುಟದ ಬೆನ್ನು ಹತ್ತಿ: ಫ್ರೆಂಚ್ ಸಾಹಿತ್ಯ ಸಂಶೋಧನೆಗೆ ಗ್ರಂಥಾಲಯ ಬಳಸುವ ಬಗೆ

[ತೆರೆ: ‘ರೆವ್ಯೂ ದ ಪಾರಿ’ ಪತ್ರಿಕೆಯ ಹಳೆಯ ಸಂಚಿಕೆ]

ನಮಸ್ಕಾರ. ಫ್ರೆಂಚ್ ಲೇಖಕ ಗುಸ್ತಾವ್ ಫ್ಲೋಬೇರನ ಕಾದಂಬರಿ ‘ಮದಾಮ್ ಬೊವಾರಿ’ ಮೊದಲು ಪುಸ್ತಕವಾಗಿ ಬಂದದ್ದಲ್ಲ. 1856ರ ಅಕ್ಟೋಬರ್ 1ರಿಂದ ಡಿಸೆಂಬರ್ 15ರವರೆಗೆ ಈ ಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ನಾಯಕಿ ಎಮ್ಮಾ ಮತ್ತು ಅವಳ ಪ್ರಿಯಕರ ಲಿಯೋನ್ ಪರದೆ ಎಳೆದ ಬಾಡಿಗೆ ಕುದುರೆಗಾಡಿಯಲ್ಲಿ ರೂವಾಂ ನಗರವನ್ನೆಲ್ಲ ಸುತ್ತುವ ಭಾಗವಿದೆಯಲ್ಲ, ಅದನ್ನು ಡಿಸೆಂಬರ್ 1ರ ಕಂತಿನಿಂದ ಪತ್ರಿಕೆಯವರೇ ತೆಗೆದುಹಾಕಿದರು. ಇಷ್ಟು ಅಂಜಿ ನಡೆದರೂ ನೀತಿಗೆ ಧಕ್ಕೆ ತಂದ ಆರೋಪದ ಮೊಕದ್ದಮೆ ತಪ್ಪಲಿಲ್ಲ. 1857ರ ಫೆಬ್ರವರಿ 7ರಂದು ಖುಲಾಸೆಯಾಯಿತು, ಏಪ್ರಿಲ್‌ನಲ್ಲಿ ಮಿಶೆಲ್ ಲೆವಿ ಪ್ರಕಾಶನದಿಂದ ಪುಸ್ತಕ ಹೊರಬಂತು.

ಇವತ್ತು ಒಂದೇ ಪ್ರಶ್ನೆ ಹಿಡಿದು ಹೋಗೋಣ. ಪತ್ರಿಕೆ ಏನೇನು ಕತ್ತರಿಸಿತು, ಅದರ ಬಗ್ಗೆ ವಿದ್ವಾಂಸರು ಏನು ಬರೆದಿದ್ದಾರೆ? ಇದಕ್ಕೆ ಉತ್ತರ ಹುಡುಕುವ ದಾರಿ ಬಾಲ್ಜಾಕನಿಗೂ ನಡೆಯುತ್ತದೆ, ಬೋದಲೇರನಿಗೂ ನಡೆಯುತ್ತದೆ.

[ತೆರೆ: ಪ್ಲೆಯಾಡ್ ಸಂಪುಟದ ಕೊನೆಯ ಪುಟಗಳು]

ಮೊದಲು ಆವೃತ್ತಿ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಪಠ್ಯಗಳಲ್ಲಿ ಹೆಚ್ಚಿನವು ತಾವು ಯಾವ ವರ್ಷದ ಮುದ್ರಣವನ್ನು ಆಧರಿಸಿವೆ ಎಂದು ಹೇಳುವುದೇ ಇಲ್ಲ. ಓದಿ ಸುಖಪಡಲು ಅದು ಸಾಕು, ಉಲ್ಲೇಖಿಸಲು ಸಾಲದು. ಬೇಕಾದದ್ದು ಪಾಠಾಂತರಗಳನ್ನು, ಅಂದರೆ ಒಂದು ಮುದ್ರಣಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸಗಳನ್ನು, ಕೊಡುವ ವಿಮರ್ಶಾತ್ಮಕ ಆವೃತ್ತಿ. ಗಾಲಿಮಾರ್ ಪ್ರಕಾಶನದ ಪ್ಲೆಯಾಡ್ ಮಾಲೆಯಲ್ಲಿ ಫ್ಲೋಬೇರನ ಸಮಗ್ರ ಕೃತಿಗಳ 3ನೇ ಸಂಪುಟ 2013ರಲ್ಲಿ ಬಂತು, ‘ಮದಾಮ್ ಬೊವಾರಿ’ ಇರುವುದು ಅದರಲ್ಲಿ. ಬೆಲೆ ಜೋರು. ಗ್ರಂಥಾಲಯ ಇರುವುದೇ ಇಂಥದ್ದಕ್ಕೆ.

ಸಂಪುಟ ಕೈಗೆ ಬಂದೊಡನೆ ಕಾದಂಬರಿಯ ಮೊದಲ ಪುಟ ತೆರೆಯಬೇಡಿ, ಹಿಂದಿನಿಂದ ಶುರುಮಾಡಿ. ಫ್ರೆಂಚ್ ಪುಸ್ತಕಗಳಲ್ಲಿ ಪರಿವಿಡಿ ಸಾಮಾನ್ಯವಾಗಿ ಕೊನೆಗಿರುತ್ತದೆ. ಅಲ್ಲಿ ‘ನೋತ್ ಸ್ಯುರ್ ಲ ತೆಕ್ಸ್ತ್’ ಎಂಬ ಭಾಗ ಹುಡುಕಿ. ಯಾವ ಮುದ್ರಣವನ್ನು ಮೂಲವಾಗಿ ಹಿಡಿದರು, ಏನು ತಿದ್ದಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಪಾಠಾಂತರಗಳು ಅದರ ನಂತರದ ಸಣ್ಣಕ್ಷರದ ಪುಟಗಳಲ್ಲಿ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ, ಆದರೂ ಹೆಚ್ಚಿನವರು ಈ ಪುಟಗಳನ್ನು ಮುಟ್ಟುವುದೇ ಇಲ್ಲ. ಪ್ಲೆಯಾಡ್ ಸಿಗದಿದ್ದರೆ ಫೋಲಿಯೊ ಕ್ಲಾಸಿಕ್ ಅಥವಾ ಜಿಎಫ್ ಮಾಲೆಯ ಟಿಪ್ಪಣಿ ಸಹಿತ ಆವೃತ್ತಿ ಹಿಡಿಯಿರಿ.

[ತೆರೆ: ಕಪಾಟಿನ ಸಾಲು, ಬೆನ್ನಿನ ಮೇಲಿನ ಸಂಖ್ಯೆಗಳು]

ಕಪಾಟಿನಲ್ಲಿ ಹುಡುಕುವುದು ಸುಲಭ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯ ಗ್ರಂಥಾಲಯದಲ್ಲಿ ಫ್ರೆಂಚ್ ಸಾಹಿತ್ಯ 840ರಲ್ಲಿ: ಕಾವ್ಯ 841, ನಾಟಕ 842, ಕಥೆ-ಕಾದಂಬರಿ 843. ಫ್ಲೋಬೇರನ ಕಾಲಕ್ಕೆ 843.8. ಇಂಗ್ಲಿಷ್ ಅನುವಾದವೂ ಅದರ ಮೇಲಿನ ವಿಮರ್ಶೆಯೂ ಅದೇ ಸಂಖ್ಯೆಯಡಿ ಬರುವುದರಿಂದ ಅಕ್ಕಪಕ್ಕದ ಹತ್ತಿಪ್ಪತ್ತು ಪುಸ್ತಕದ ಮೇಲೂ ಕಣ್ಣಾಡಿಸಿ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿರುವವರು ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯ ಪಿಕ್ಯೂ 2246ಕ್ಕೆ ಹೋಗಿ. ಅಂದಹಾಗೆ, ಫ್ರಾನ್ಸಿನಲ್ಲಿ ಅಚ್ಚಾದ ಪುಸ್ತಕಗಳ ಬೆನ್ನಿನ ಅಕ್ಷರ ಸಾಮಾನ್ಯವಾಗಿ ಇಂಗ್ಲಿಷ್ ಪುಸ್ತಕಗಳದ್ದಕ್ಕೆ ಎದುರಾಗಿ ಕೆಳಗಿನಿಂದ ಮೇಲಕ್ಕೆ ಓಡುತ್ತದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಕುತ್ತಿಗೆ ಎರಡೂ ಕಡೆ ವಾಲಿರುತ್ತದೆ.

ಕ್ಯಾಟಲಾಗಿನಲ್ಲಿ ಎಡವುವುದು ಹೆಸರುಗಳ ಹತ್ತಿರ. ಲೇಖಕರ ಹೆಸರಿನ ನಡುವೆ ಬರುವ ‘ದ’ ಬಿಟ್ಟು ಹುಡುಕಬೇಕು: ಬಾಲ್ಜಾಕ್, ಮೋಪಾಸಾಂ, ಬೋವ್ವಾರ್. ಆದರೆ ‘ಲಾ’, ‘ದ್ಯು’ ಇದ್ದರೆ ಬಿಡುವ ಹಾಗಿಲ್ಲ: ಲಾ ಫೊಂತೇನ್, ದ್ಯು ಬೆಲ್ಲೆ. ಶೀರ್ಷಿಕೆ ಹಾಕುವಾಗ ಇಂಗ್ಲಿಷಿನ ‘ದಿ’ಯಂಥ ಮೊದಲ ‘ಲ’, ‘ಲಾ’, ‘ಲೆ’ಗಳನ್ನು ಕೈಬಿಡಿ. ಅಪಾಸ್ಟ್ರಫಿ ಇದ್ದರಂತೂ ಖಂಡಿತ ಬಿಡಿ. ನೇರ ಚಿಹ್ನೆಗೂ ಬಾಗಿದ ಚಿಹ್ನೆಗೂ ಹೊಂದಿಕೆಯಾಗದೆ ಇರುವ ಪುಸ್ತಕವೂ ಇಲ್ಲ ಎಂದು ಕೆಲವು ಕ್ಯಾಟಲಾಗುಗಳು ಹೇಳಿಬಿಡುತ್ತವೆ. ‘ಓ’ ಮತ್ತು ‘ಇ’ ಅಂಟಿಕೊಂಡ ಅಕ್ಷರವಿದ್ದರೆ ಬಿಡಿಸಿಯೂ ಒಮ್ಮೆ, ಕೂಡಿಸಿಯೂ ಒಮ್ಮೆ ಹಾಕಿ ನೋಡಿ.

[ತೆರೆ: ಈ ಹೆಸರುಗಳ ಫ್ರೆಂಚ್ ಕಾಗುಣಿತ, ಐದು ಸೆಕೆಂಡ್]

ಯಾವ ಕ್ಯಾಟಲಾಗು? ಪುಸ್ತಕದ ಹುಟ್ಟು, ಮುದ್ರಣ, ವರ್ಷ ಖಚಿತಪಡಿಸಿಕೊಳ್ಳಲು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಬಿಎನ್‌ಎಫ್‌ನ ಸಾಮಾನ್ಯ ಕ್ಯಾಟಲಾಗು. ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಅಲ್ಲಿಗೆ ಒಪ್ಪಿಸಬೇಕೆಂಬ ಕಾನೂನು ಮೊದಲನೇ ಫ್ರಾಂಸ್ವಾ ದೊರೆಯ ಕಾಲದ್ದು, 1537ರದು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಯಾವ ಪುಸ್ತಕ ಎಲ್ಲಿದೆ ಎಂದು ತಿಳಿಯಲು ಸ್ಯುದೋಕ್. ಪಿಎಚ್‌ಡಿ ಪ್ರಬಂಧಗಳಿಗೆ ತೇಸ್ ಡಾಟ್ ಎಫ್‌ಆರ್. ನಡೆಯುತ್ತಿರುವ ಸಂಶೋಧನೆಗಳೂ ಅಲ್ಲಿ ನಮೂದಾಗುವುದರಿಂದ ವಿಷಯ ನಿಕ್ಕಿ ಮಾಡುವ ಮೊದಲೇ ಇಣುಕಿ.

ಇನ್ನು ವಿಮರ್ಶೆ. ಇಲ್ಲಿ ಸರ್ಚ್ ಎಂಜಿನ್‌ಗಿಂತ ಗ್ರಂಥಸೂಚಿ ದೊಡ್ಡದು. ಜರ್ಮನಿಯಲ್ಲಿ ಹುಟ್ಟಿದ ‘ಕ್ಲಾಪ್’ ಸೂಚಿ 1956ರಿಂದ ಈಚಿನ ಫ್ರೆಂಚ್ ಸಾಹಿತ್ಯ ವಿಮರ್ಶೆಯನ್ನು ಶತಮಾನ, ಲೇಖಕ, ಕೃತಿಗಳ ಪ್ರಕಾರ ಪಟ್ಟಿ ಮಾಡುತ್ತದೆ. ಎಂಎಲ್‌ಎ (ಅಮೆರಿಕದ ಮಾಡರ್ನ್ ಲಾಂಗ್ವೇಜ್ ಅಸೋಸಿಯೇಷನ್) ಸೂಚಿಯಲ್ಲಿ ಇಂಗ್ಲಿಷ್ ಬರಹ ಹೆಚ್ಚು, ಕ್ಲಾಪ್‌ನಲ್ಲಿ ಯುರೋಪಿನ ಬರಹ ಹೆಚ್ಚು. ಎರಡನ್ನೂ ನೋಡಬೇಕು. ಹೊಸಬರಾದರೆ ಇನ್ನೊಂದು ಒಳದಾರಿಯಿದೆ: ‘ಫ್ರೆಂಚ್ ಸ್ಟಡೀಸ್’ ಪತ್ರಿಕೆಯ ‘ಎತಾ ಪ್ರೆಸಾಂ’ ಲೇಖನಗಳು. ಒಬ್ಬ ಲೇಖಕನ ಮೇಲೆ ಈವರೆಗೆ ನಡೆದ ಚರ್ಚೆಯನ್ನು ಕೆಲವೇ ಪುಟಗಳಲ್ಲಿ, ಅಡಿಟಿಪ್ಪಣಿ ಸಮೇತ ಹೇಳಿಬಿಡುತ್ತವೆ.

ಲೇಖನಗಳಿಗೆ ಮೂರು ಫ್ರೆಂಚ್ ಜಾಲತಾಣಗಳಿವೆ. ಪೆರ್ಸೆ ಪೂರ್ತಿ ಉಚಿತ, ಹಳೆಯ ಸಂಚಿಕೆಗಳ ಗಣಿ. ಓಪನ್‌ಎಡಿಷನ್ ಬಹುಪಾಲು ಉಚಿತ. ಫ್ಲೋಬೇರನಿಗೇ ಮೀಸಲಾದ, ಕರಡುಗಳ ಅಧ್ಯಯನಕ್ಕೆ ಒತ್ತು ಕೊಡುವ ಪತ್ರಿಕೆಯೊಂದು 2009ರಿಂದ ಅಲ್ಲಿದೆ. ಕೇರ್ನ್‌ನಲ್ಲಿ ಕೆಲವು ಉಚಿತ, ಕೆಲವಕ್ಕೆ ಹಣ. ಭಾರತದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿರುವವರು 2025ರಲ್ಲಿ ಶುರುವಾದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಎಂಬ ಸರ್ಕಾರಿ ಪತ್ರಿಕಾ-ಚಂದಾ ಯೋಜನೆಯಡಿ ತಮಗೆ ಯಾವ ಪತ್ರಿಕೆ ತೆರೆದಿದೆ ಎಂದು ಗ್ರಂಥಪಾಲಕರನ್ನು ಕೇಳಿ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಸದಸ್ಯರಿಗೆ ‘ಕಲ್ಚರತೆಕ್’ ಎಂಬ ಡಿಜಿಟಲ್ ಸಂಗ್ರಹ ಇದೆ, ಆದರೆ ಅದು ಓದುಗರ ಗ್ರಂಥಾಲಯ. ಸಂಶೋಧನೆಯ ಭಾರ ಅದರ ಮೇಲೆ ಹಾಕಬೇಡಿ.

ಎಲ್ಲೇ ಹುಡುಕಿದರೂ ಪದ ಫ್ರೆಂಚಿನದ್ದಾಗಿರಲಿ. ಮೊಕದ್ದಮೆಗೆ ‘ಪ್ರೊಸೆ’, ಸೆನ್ಸಾರ್ ಕತ್ತರಿಗೆ ‘ಸಾಂಸ್ಯೂರ್’, ಆ ಗಾಡಿಗೆ ‘ಫಿಯಾಕ್ರ್’. ಇಂಗ್ಲಿಷ್ ಪದ ಹಾಕಿದರೆ ಹೆಚ್ಚಾಗಿ ಇಂಗ್ಲಿಷ್ ಲೇಖನಗಳೇ ಬರುತ್ತವೆ.

[ತೆರೆ: ಗಾಲಿಕಾ ಮುಖಪುಟ]

ಈಗ ಗಾಲಿಕಾ. ಬಿಎನ್‌ಎಫ್‌ನ ಈ ಡಿಜಿಟಲ್ ಗ್ರಂಥಾಲಯ 1997ರಲ್ಲಿ ಶುರುವಾಯಿತು. ಇಂದು ಅಲ್ಲಿ ಒಂದು ಕೋಟಿಗೂ ಹೆಚ್ಚು ದಾಖಲೆಗಳಿವೆ. ನೋಡಲು ನೋಂದಣಿ ಬೇಡ.

ಪತ್ರಿಕೆಯ ಹೆಸರು ಹಾಕಿದೊಡನೆ ಮೊದಲ ತೊಡಕು ಕಾದಿರುತ್ತದೆ. ‘ರೆವ್ಯೂ ದ ಪಾರಿ’ ಎಂಬ ಹೆಸರು ಮೂರು ಜನ್ಮ ಕಂಡಿದೆ: 1829ರಲ್ಲಿ ಹುಟ್ಟಿದ್ದು ಒಂದು, ಮಾಕ್ಸಿಮ್ ದ್ಯು ಕಾಂ ಮತ್ತು ಗೆಳೆಯರು 1851ರಲ್ಲಿ ಎಬ್ಬಿಸಿ 1858ರಲ್ಲಿ ಸರ್ಕಾರ ಮುಚ್ಚಿಸಿದ್ದು ಇನ್ನೊಂದು, 1894ರಲ್ಲಿ ಬಂದದ್ದು ಮಗದೊಂದು. ನಮಗೆ ಬೇಕಾದದ್ದು ನಡುವಿನದು. ಆದ್ದರಿಂದ ಹೆಸರಿನ ಜೊತೆ ವರ್ಷವನ್ನೂ ನೋಡಿ, ಆಮೇಲೆ ದಿನಾಂಕದ ಪಟ್ಟಿಯಿಂದ ಸಂಚಿಕೆಗೆ ಇಳಿಯಿರಿ. ಡಿಸೆಂಬರ್ 1ರ ಜೊತೆಗೆ 15ರ ಸಂಚಿಕೆಯನ್ನೂ ತೆಗೆಯಿರಿ: ಕತ್ತರಿಗೆ ಫ್ಲೋಬೇರ್ ಹೇಳಿದ ಪ್ರತಿಭಟನೆಯ ಟಿಪ್ಪಣಿ ಇರುವುದು ಅದರಲ್ಲಿ.

ಗಾಲಿಕಾದಲ್ಲಿ ಪದ ಹುಡುಕಿದಾಗ ಯಂತ್ರ ನೋಡುವುದು ಚಿತ್ರವನ್ನಲ್ಲ, ಚಿತ್ರದಿಂದ ತಾನೇ ಓದಿಕೊಂಡ ಪಠ್ಯವನ್ನು. ಅದರ ಓದು ನೂರಕ್ಕೆ ನೂರು ಸರಿಯಿರುವುದಿಲ್ಲ. ‘ತೆಕ್ಸ್ತ್ ಬ್ರ್ಯುಟ್’ (ಬರಿ ಪಠ್ಯ) ನೋಟಕ್ಕೆ ಹೋದರೆ ಎಷ್ಟು ಪಾಲು ಸರಿಯಾಗಿ ಓದಿಕೊಂಡಿದೆ ಎಂಬ ಅಂದಾಜು ಶೇಕಡಾ ಮೇಲ್ಗಡೆ ಇರುತ್ತದೆ. 90ರ ಕೆಳಗಿದ್ದರೆ ‘ಫಲಿತಾಂಶ ಸೊನ್ನೆ’ ಎಂಬುದನ್ನು ನಂಬಬೇಡಿ, ಪುಟ ತಿರುಗಿಸಿ ಕಣ್ಣಾರೆ ನೋಡಿ. 1800ಕ್ಕಿಂತ ಹಿಂದಿನ ಮುದ್ರಣದಲ್ಲಿ ಉದ್ದನೆಯ ‘ಎಸ್’ ಅಕ್ಷರವನ್ನು ಯಂತ್ರ ‘ಎಫ್’ ಎಂದು ಓದುವುದು ಮಾಮೂಲು. 18ನೇ ಶತಮಾನದ ವೊಲ್ತೇರನ ಮೇಲೆ ಕೆಲಸ ಮಾಡುವವರು ಎರಡೂ ರೀತಿ ಹುಡುಕಬೇಕು. ಸಾಲಿನ ಕೊನೆಯಲ್ಲಿ ತುಂಡಾದ ಪದಗಳೂ ತಪ್ಪಿಸಿಕೊಳ್ಳುತ್ತವೆ.

ಮೊಕದ್ದಮೆಯ ವಾದ, ಪ್ರತಿವಾದ, ತೀರ್ಪಿಗೆ ಪತ್ರಾಗಾರ ಅಲೆಯಬೇಕಿಲ್ಲ. 1873ರ ಶಾರ್ಪಾಂತಿಯೆ ಆವೃತ್ತಿಯ ಕೊನೆಯಲ್ಲಿ ಸರ್ಕಾರಿ ವಕೀಲ ಎರ್ನೆಸ್ಟ್ ಪಿನಾರನ ವಾದವೂ ಫ್ಲೋಬೇರನ ವಕೀಲ ಸೆನಾರನ ಉತ್ತರವೂ ಅಚ್ಚಾಗಿವೆ. ಕೃತಿಯನ್ನು ಅರ್ಪಿಸಿರುವುದೂ ಇದೇ ಸೆನಾರನಿಗೆ.

ಹಸ್ತಪ್ರತಿ ಮಾತ್ರ ಪ್ಯಾರಿಸಿನಲ್ಲಿಲ್ಲ, ರೂವಾಂ ನಗರ ಗ್ರಂಥಾಲಯದಲ್ಲಿದೆ. ಸುಮಾರು ನಾಲ್ಕೂವರೆ ಸಾವಿರ ಪುಟಗಳ ಕರಡು, ಚಿತ್ರ ಮತ್ತು ಲಿಪ್ಯಂತರ (ಕೈಬರಹವನ್ನು ಅಚ್ಚಕ್ಷರಕ್ಕೆ ಇಳಿಸಿದ್ದು) ಎರಡೂ ಅಂತರ್ಜಾಲದಲ್ಲಿ ಉಚಿತ. ಗಾಡಿಯ ಭಾಗವನ್ನು ಮೊದಲ ಕರಡಿನಿಂದ ಪ್ರಕಟಿತ ಪುಟದವರೆಗೆ ಹೋಲಿಸಬಹುದು. ಫ್ಲೋಬೇರನ ಕೈಬರಹದ ಮುಂದೆ ಲಿಪ್ಯಂತರ ಇಲ್ಲದೆ ಕೂರುವುದು ಹಟವೇ ಹೊರತು ವಿದ್ವತ್ತಲ್ಲ.

[ತೆರೆ: ಇಬ್ಬರು ಲೇಖಕರ ಮರಣ ವರ್ಷ]

20ನೇ ಶತಮಾನದವರ ವಿಷಯ ಬೇರೆ. ಫ್ರಾನ್ಸಿನಲ್ಲಿ ಹಕ್ಕುಸ್ವಾಮ್ಯ ಲೇಖಕ ತೀರಿಕೊಂಡ ಮೇಲೆ 70 ವರ್ಷ, ಭಾರತದಲ್ಲಿ 60. 1922ರಲ್ಲಿ ತೀರಿಕೊಂಡ ಪ್ರೂಸ್ತ್ ಗಾಲಿಕಾದಲ್ಲಿ ಮುಕ್ತ. 1960ರಲ್ಲಿ ತೀರಿಕೊಂಡ ಕಾಮು ಭಾರತದಲ್ಲಿ 2021ರಿಂದ ಮುಕ್ತ, ಫ್ರಾನ್ಸಿನಲ್ಲಿ 2030 ಮುಗಿಯುವವರೆಗೆ ಇಲ್ಲ. ಅಂಥ ಕೃತಿಗಳ ಡಿಜಿಟಲ್ ಪ್ರತಿ ಕ್ಯಾಟಲಾಗಿನಲ್ಲಿ ಕಂಡರೂ ಬಿಎನ್‌ಎಫ್ ಕಟ್ಟಡದೊಳಗೆ ಮಾತ್ರ ತೆರೆಯುವುದುಂಟು. ಕೊಂಡಿ ಕೆಟ್ಟಿದೆ ಎಂದುಕೊಳ್ಳಬೇಡಿ.

[ತೆರೆ: ಗಾಲಿಕಾದಲ್ಲಿ ಪುಟ ಸಂಖ್ಯೆ ತೋರಿಸುವ ಪಟ್ಟಿ]

ಟಿಪ್ಪಣಿ ಮಾಡಿಕೊಳ್ಳುವಾಗ ಒಂದು ಎಚ್ಚರ. ಗಾಲಿಕಾ ತೋರಿಸುವ ‘ವ್ಯೂ’ ಸಂಖ್ಯೆ ಸ್ಕ್ಯಾನ್ ಮಾಡಿದ ಚಿತ್ರದ ಸಂಖ್ಯೆ. ರಟ್ಟು, ಖಾಲಿ ಹಾಳೆಗಳೂ ಅದರಲ್ಲಿ ಸೇರಿರುತ್ತವೆ. ಉಲ್ಲೇಖದಲ್ಲಿ ಬರೆಯಬೇಕಾದದ್ದು ಅಚ್ಚಾದ ಪುಟದ ಸಂಖ್ಯೆ. ಬ್ರೌಸರಿನ ಉದ್ದನೆಯ ವಿಳಾಸ ಹುಡುಕಾಟದ ಬಾಲವನ್ನೂ ಹೊತ್ತಿರುತ್ತದೆ, ಅದನ್ನು ನಕಲು ಮಾಡಬೇಡಿ. ಪ್ರತಿ ದಾಖಲೆಗೂ ‘ಆರ್ಕ್’ ಎಂದು ಶುರುವಾಗುವ ಶಾಶ್ವತ ಗುರುತು ಇರುತ್ತದೆ. ಅದನ್ನು, ಪತ್ರಿಕೆಯ ದಿನಾಂಕ ಮತ್ತು ಪುಟ ಸಂಖ್ಯೆಯ ಜೊತೆಗೆ, ಪುಟ ಮುಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ.